ಮುಚ್ಚಳ ಕೂರದ ಪೆಟ್ಟಿಗೆ

ಭಾವ ಎರಡೂ ಅಂಗೈಗಳನ್ನು ಸತ್ತ ತಮ್ಮನ ಹಣೆಯ ಮೇಲೂರಿ ಮೈಭಾರವನ್ನೆಲ್ಲ ಬಿಟ್ಟು ಒತ್ತಿದರು. ತಲೆ ಕೆಳಗೆ ಹೋಯಿತು. ಅದೇ ಹೊತ್ತಿಗೆ ಆ ತುದಿಯಲ್ಲಿ ಕಾಲುಗಳೆರಡೂ ಜೋಡಿಯಾಗಿ ಮೇಲೆದ್ದವು. ಕೈ ಬಿಟ್ಟರು, ಕಾಲು ಇಳಿಯಿತು, ತಲೆ ಎದ್ದಿತು. ಪೆಟ್ಟಿಗೆಯೊಳಗೆ ಹೆಣ ತೊಟ್ಟಿಲ ಹಾಗೆ ಒಂದೆರಡು ಸಲ ತೂಗಿ ನಿಂತಿತು.

“ನೀನು ಕಾಲು ಹಿಡ್ಕೊಳಯ್ಯಾ,” ಎಂದರು ಪೆಟ್ಟಿಗೆ ಅಂಗಡಿಯವನಿಗೆ. “ಮೊಣಕಾಲ ಮೇಲೆ ಭಾರ ಬಿಡು. ಈ ಕಡೆ ನಾನು ಒತ್ತುತೀನಿ. ಒಂದ್ಸಲ ಲಟಕ್ ಅಂದ್ರೆ ಸರಿಹೋಗುತ್ತೆ.”

“ಕೈ ತೆಗೀರಿ ಭಾವ.”

ಒಳಕೋಣೆಯ ಬಾಗಿಲಲ್ಲಿ ಸತ್ತವನ ಹೆಂಡತಿ ನಿಂತಿದ್ದಳು. ಕೈಯಲ್ಲಿ ಆಗಷ್ಟೇ ಇಸ್ತ್ರಿ ಮಾಡಿದ ಅಂಗಿ, ಇನ್ನೂ ಬಿಸಿ ಆರಿರಲಿಲ್ಲ. ಅವಳ ದನಿ ಜೋರಾಗಿರಲಿಲ್ಲ. ಆದರೂ ಪೆಟ್ಟಿಗೆ ಅಂಗಡಿಯವನು ಹಿಡಿದ ಕಾಲು ಬಿಟ್ಟು ಹಿಂದೆ ಸರಿದ.

“ಮುಚ್ಚಳ ಕೂರ್ತಿಲ್ಲಮ್ಮಾ,” ಎಂದರು ಭಾವ, ಕೈ ಒರೆಸಿಕೊಳ್ಳುತ್ತ. “ನೀನೇ ನೋಡು.”

ಅವಳು ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ. ಸೊಂಟದಿಂದ ಕತ್ತಿನವರೆಗೆ ಅವನ ಬೆನ್ನುಮೂಳೆ ಒಂದೇ ಎಲುಬಾಗಿ ಬೆಸೆದುಕೊಂಡು, ಕುಡುಗೋಲಿನ ಹಾಗೆ ಮುಂದಕ್ಕೆ ಬಾಗಿ ವರ್ಷಗಳೇ ಆಗಿದ್ದವು. ನಿಂತರೆ ಮುಖ ನೆಲಕ್ಕೆ; ಎದುರಿಗಿದ್ದವರ ಮಂಡಿಯಿಂದ ಕೆಳಗಷ್ಟೇ ಕಣ್ಣಿಗೆ ಬೀಳುತ್ತಿತ್ತು. ಈಗ ಅಂಗಾತ ಮಲಗಿಸಿದ್ದರು. ಬಾಗು ಹಾಗೇ ಇತ್ತು, ದಿಕ್ಕು ಮಾತ್ರ ಬದಲಾಗಿತ್ತು. ತಲೆ ಹಲಗೆಯಿಂದ ಗೇಣುದ್ದ ಮೇಲೆ, ಗಲ್ಲ ಎದೆಯ ಹತ್ತಿರ, ಮುಖ ಬಾಗಿಲಿನ ಕಡೆಗೆ. ಕಣ್ಣು ಮುಚ್ಚಿದ್ದರೂ, ಯಾರು ಬಂದರು ನೋಡೋಣ ಎಂದು ಅರ್ಧ ಎದ್ದವನ ಹಾಗೆ ಕಾಣುತ್ತಿದ್ದ.

“ಅಸಹ್ಯವಾಗಿದೆ,” ಎಂದರು ಭಾವ. “ಇನ್ನೇನು ಆಫೀಸಿನವರು ಬರ್ತಾರೆ. ಸಾಹೇಬರೇ ಬರ್ತಾರಂತೆ. ಹೀಗೆ ಎದ್ದು ಕೂತವನ ಹಾಗಿದ್ರೆ ಹೇಗೆ ತೋರಿಸೋದು?”

ಪೆಟ್ಟಿಗೆ ಇದ್ದದ್ದು ಅವಳ ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ಹೊಲಿಗೆ ಮಿಷನ್ನನ್ನು ಗೋಡೆಗೆ ಒತ್ತರಿಸಿದ್ದರು. ಅರ್ಧ ಹೊಲಿದ ಯಾರದೋ ಕುಪ್ಪಸ ಅದರ ಸೂಜಿಯ ಕೆಳಗೇ ಸಿಕ್ಕಿಕೊಂಡಿತ್ತು. ಅಲ್ಲೇ ಆ ಮೇಜಿನ ಮುಂದೆ ನಿಂತು ಅವಳು ಅಂಗಡಿಯವನನ್ನು ಕೇಳಿದಳು: “ಬೇರೆ ದಾರಿ ಏನಿದೆ?”

“ಆಳದ ಪೆಟ್ಟಿಗೆ ಮಾಡಿಸ್ಬೇಕು ಅಂದ್ರೆ ನಾಳೆ ಆಗುತ್ತಮ್ಮಾ. ಪಕ್ಕಕ್ಕೆ ತಿರುಗಿಸೋಣ ಅಂದ್ರೆ ಬೆನ್ನಿಗೆ ಅಗಲ ಸಾಲಲ್ಲ. ಇಲ್ಲಾಂದ್ರೆ...” ಅವನು ಭಾವನ ಮುಖ ನೋಡಿದ.

“ಇಲ್ಲಾಂದ್ರೆ?”

“ಹಿಂದುಗಡೆ ಒಂಚೂರು ಸಡಿಲ ಮಾಡ್ತಾರೆ. ಹೊರಗೆ ಗೊತ್ತೇ ಆಗಲ್ಲ. ಅಂಗಿ ಒಳಗೇ ಮುಗಿದುಹೋಗುತ್ತೆ.”

“ಸಡಿಲ ಅಂದ್ರೆ ಮುರಿಯೋದು ತಾನೆ?”

ಅವನು ಜೇಬಿನಲ್ಲಿದ್ದ ಅಳತೆಪಟ್ಟಿಯನ್ನು ತೆಗೆದು ನೋಡಿ ಮತ್ತೆ ಒಳಗಿಟ್ಟ.

“ಒಂದ್ಸಲ ಮುರಿದಾಗಿದೆ,” ಎಂದಳು. “ಅದಕ್ಕೇ ಇಲ್ಲಿ ಮಲಗಿದ್ದಾರೆ. ಇನ್ನೊಂದ್ಸಲ ನಾನು ಬಿಡಲ್ಲ. ಇವರು ಹೇಗಿದ್ರೋ ಹಾಗೇ ಹೋಗ್ತಾರೆ.”

ಭಾವ ತಾವು ತಂದಿದ್ದ ಹೊಸ ಅಂಗಿಯ ಪೊಟ್ಟಣವನ್ನು ಮುಂದೆ ಹಿಡಿದರು. ಬಿಳಿ, ಗಂಜಿ ಹಾಕಿದ ಕಾಲರು, ಒಳಗೆ ರಟ್ಟು. ಅವಳು ಅದನ್ನು ಬಿಚ್ಚಲೂ ಇಲ್ಲ. ತನ್ನ ಕೈಯಲ್ಲಿದ್ದದ್ದನ್ನು ಗಂಡನಿಗೆ ತೊಡಿಸತೊಡಗಿದಳು. ಅಂಗಡಿಯಲ್ಲಿ ಸಿಗುವ ಅಂಗಿ ಅವನಿಗೆ ಹಿಂದೆ ಸೊಂಟ ಬಿಟ್ಟು ಮೇಲೇರುತ್ತಿತ್ತು, ಮುಂದೆ ಹೊಟ್ಟೆಯ ಕೆಳಗೆ ಜೋತುಬೀಳುತ್ತಿತ್ತು. ಇದು ಅವಳೇ ಹೊಲಿದದ್ದು: ಹಿಂದೆ ಉದ್ದ, ಮುಂದೆ ಗಿಡ್ಡ, ಬೆನ್ನಿಗೆ ಎರಡು ಮಡಿಕೆ ಹೆಚ್ಚು ಬಟ್ಟೆ. ನೆಲದ ಮೇಲೆ ಹರಡಿದರೆ ಯಾವನೋ ಕುಡಿದು ಕತ್ತರಿಸಿದ ಹಾಗೆ ಕಾಣುವ ಅಂಗಿ, ಅವನ ಮೈಮೇಲೆ ಮಾತ್ರ ಅಂಗಿಯ ಹಾಗೆ ಕಾಣುತ್ತಿತ್ತು.

*

ಇಪ್ಪತ್ತರ ಹರೆಯದಲ್ಲಿ ಅವನು ಬೀದಿಯ ಉಳಿದ ಹುಡುಗರಷ್ಟೇ ನೆಟ್ಟಗಿದ್ದ. ತೊಂದರೆ ಇದ್ದದ್ದು ಬೆಳಗಿನಲ್ಲಿ. ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ಸೊಂಟ ಮರಗಟ್ಟಿದ ಹಾಗೆ. ಮಗ್ಗುಲಾಗಿ, ಗೋಡೆ ಹಿಡಿದು, ಮುದುಕನ ಹಾಗೆ ಏಳಬೇಕು. ಹೊತ್ತೇರಿ ನಾಲ್ಕು ಕಡೆ ಓಡಾಡಿದ ಮೇಲೆ ಎಲ್ಲ ಸಡಿಲಾಗಿ, ಸಂಜೆಗೆ ಚೆಂಡಾಟಕ್ಕೂ ಹೋಗುತ್ತಿದ್ದ. ಬೆಳಿಗ್ಗೆ ಏಳಲಾರದವನು ಸಂಜೆ ಕುಣಿದಾಡುತ್ತಾನೆ ಎಂದರೆ ಮನೆಯಲ್ಲಿ ಅದಕ್ಕೆ ಒಂದೇ ಹೆಸರು.

“ಸೋಮಾರಿ,” ಎನ್ನುತ್ತಿದ್ದರು ಅಣ್ಣ, ಅಂದರೆ ಅವಳ ಈಗಿನ ಭಾವ. “ಕೆಲಸ ಅಂದ್ರೆ ಸೊಂಟ ನೋವು, ಆಟ ಅಂದ್ರೆ ಎಲ್ಲಾ ಸರಿಯಾಗುತ್ತೆ. ನಾಟಕ ಚೆನ್ನಾಗಿ ಕಲಿತಿದಾನೆ.”

ನೋವು ಹೆಚ್ಚಾದಾಗ ಬೀದಿಯ ಡಾಕ್ಟರು ಗಟ್ಟಿ ಹಲಗೆಯ ಮೇಲೆ ಮಲಗಿ ವಿಶ್ರಾಂತಿ ತೆಗೆದುಕೋ ಎಂದರು. ತೆಗೆದುಕೊಂಡ. ಮಲಗಿದಷ್ಟೂ ಬಿಗಿಯಿತು. ಮೂಳೆ ಕೂರಿಸುವವನೊಬ್ಬ ಬೆನ್ನಿನ ಮೇಲೆ ಮಂಡಿಯೂರಿ ತಿರುವಿದ. ಆ ರಾತ್ರಿ ಹಲ್ಲು ಕಚ್ಚಿ ಅತ್ತ. ಹೀಗೇ ವರ್ಷಗಳು ಹೋದವು. ಕೊನೆಗೊಮ್ಮೆ ದೊಡ್ಡ ಆಸ್ಪತ್ರೆಯ ಒಬ್ಬ ಡಾಕ್ಟರಮ್ಮ ಎಲ್ಲರ ಹಾಗೆ “ಎಲ್ಲಿ ನೋವು?” ಎಂದು ಕೇಳದೆ, “ಯಾವ ಹೊತ್ತಿನಲ್ಲಿ ನೋವು?” ಎಂದು ಕೇಳಿದಳು. ಉತ್ತರ ಕೇಳಿಸಿಕೊಂಡು, ಸೊಂಟದ ಕೀಲುಗಳ ಎಕ್ಸ್‌ರೇ ತೆಗೆಸಿದಳು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂದಳು. ಬೆನ್ನುಮೂಳೆಯ ಕೀಲುಗಳಲ್ಲಿ ಉರಿಯೂತ ಬರುತ್ತದೆ. ಉರಿ ಆರುವಾಗ ಆ ಜಾಗದಲ್ಲಿ ಹೊಸ ಎಲುಬು ಬೆಳೆದು ಕೀಲನ್ನು ಮುಚ್ಚಿಬಿಡುತ್ತದೆ. ಒಂದರ ಮೇಲೊಂದು ಎಲುಬು ಅಂಟುತ್ತ ಹೋಗುತ್ತದೆ. ತಪ್ಪಾಗಿ ಕೂತದ್ದರಿಂದ ಬಂದದ್ದಲ್ಲ, ಭಾರ ಹೊತ್ತದ್ದರಿಂದಲೂ ಅಲ್ಲ. ಮಲಗಿದರೆ ಕೆಡುತ್ತದೆ, ಓಡಾಡಿದರೆ ಸುಧಾರಿಸುತ್ತದೆ.

“ಮೊದಲೇ ಬಂದಿದ್ರೆ ಇನ್ನಷ್ಟು ನೆಟ್ಟಗೆ ಉಳಿಸ್ಕೊಬಹುದಿತ್ತು,” ಎಂದಳು ಡಾಕ್ಟರಮ್ಮ. ಮಾತ್ರೆ ಕೊಟ್ಟಳು, ದಿನವೂ ಮಾಡಬೇಕಾದ ವ್ಯಾಯಾಮ ಹೇಳಿದಳು, ದಿನಕ್ಕೆ ಸ್ವಲ್ಪ ಹೊತ್ತಾದರೂ ಹೊಟ್ಟೆಯಡಿಯಾಗಿ ಮಲಗು ಎಂದಳು. ಆಮೇಲೆ ಹೊಸ ಔಷಧಗಳು ಬಂದವು, ಉರಿಯನ್ನೇ ತಡೆಯುವಂಥವು. ಅಷ್ಟು ಹೊತ್ತಿಗೆ ಅವನ ಬೆನ್ನಿನಲ್ಲಿ ತಡೆಯಲು ಹೆಚ್ಚೇನೂ ಉಳಿದಿರಲಿಲ್ಲ.

ಮದುವೆಯ ಮಾತು ಬಂದಾಗ ಅವನು ಅವಳನ್ನು ಒಬ್ಬಳೇ ಸಿಗು ಎಂದು ಕರೆದಿದ್ದ. ಆಗಲೇ ಹೆಗಲು ಸ್ವಲ್ಪ ಮುಂದೆ ಬಂದಿತ್ತು.

“ನಾನು ಬಗ್ತಾ ಹೋಗ್ತೀನಿ,” ಎಂದ. “ಎಷ್ಟು ಅಂತ ಗೊತ್ತಿಲ್ಲ. ಅದಕ್ಕೇ ಹೇಳ್ತಿದೀನಿ, ಮುಖ ಈಗಲೇ ಸರಿಯಾಗಿ ನೋಡ್ಕೊಂಡುಬಿಡು. ಆಮೇಲೆ ಮೋಸ ಮಾಡಿದೆ ಅನ್ನಬೇಡ.”

“ಅಂಥಾ ಚೆಂದದ ಮುಖ ಏನಲ್ಲ ಬಿಡಿ,” ಎಂದಿದ್ದಳು ಅವಳು. “ಕಾಣದಿದ್ರೂ ನಡೆಯುತ್ತೆ.”

ಅವನು ಬಿದ್ದುಬಿದ್ದು ನಕ್ಕಿದ್ದ. ನಕ್ಕರೆ ಪಕ್ಕೆಲುಬಿಗೆ ನೋವು, ಆದರೂ ನಕ್ಕಿದ್ದ.

*

ಜನ ಬರತೊಡಗಿದರು. ಎರಡನೇ ಮಹಡಿಯ ಆ ಪುಟ್ಟ ಮನೆಗೆ ಮೆಟ್ಟಿಲು ಕಿರಿದು. ಬಂದವರು ಒಬ್ಬೊಬ್ಬರಾಗಿ ಬಾಗಿಲಲ್ಲಿ ತಲೆ ಹಾಕುತ್ತಿದ್ದರು, ಹಾಕಿದ ಕೂಡಲೇ ಪೆಟ್ಟಿಗೆಯ ಅಂಚಿನ ಮೇಲೆದ್ದ ಮುಖಕ್ಕೆ ಎದುರಾಗುತ್ತಿದ್ದರು. ಒಬ್ಬರೂ ಅದನ್ನು ನಿಂತು ನೋಡಲಿಲ್ಲ. ಕೆಳಗೆ ನೋಡುತ್ತ ಗೋಡೆಯ ಬದಿಗೆ ಸರಿದು ಕೂತರು.

“ಎಂಥಾ ವಿನಯ ಅವನದು,” ಎಂದರು ಪಕ್ಕದ ಮನೆಯ ಅಜ್ಜಿ. “ಒಂದು ದಿನ ತಲೆ ಎತ್ತಿ ಮಾತಾಡಿದವನಲ್ಲ.”

“ಹೆಂಗಸರ ಮುಖ ನೋಡಿ ಮಾತಾಡಿದವನೇ ಅಲ್ಲ,” ಎಂದಳು ಓರಗಿತ್ತಿ. “ಈ ಕಾಲದಲ್ಲಿ ಅಂಥವರು ಎಲ್ಲಿ ಸಿಗ್ತಾರೆ?”

ಕುರ್ಚಿ ಹಾಕುತ್ತಿದ್ದ ಹೆಂಡತಿ ಅದನ್ನು ದಡಾರನೆ ನೆಲಕ್ಕೆ ಕುಕ್ಕಿದಳು.

“ಅಕ್ಕಾ, ಇವರಿಗೆ ಕತ್ತು ಎತ್ತೋಕೆ ಆಗ್ತಿರ್ಲಿಲ್ಲ. ಆಗಿದ್ರೆ ನಿಮ್ಮ ಮುಖವನ್ನೂ ನೋಡ್ತಿದ್ರು, ಬೀದಿಲಿ ಹೋಗೋರ ಮುಖವನ್ನೂ ನೋಡ್ತಿದ್ರು.”

“ಅಯ್ಯೋ, ಒಳ್ಳೇದಕ್ಕೆ ಹೇಳಿದ್ನಮ್ಮಾ.”

“ಒಳ್ಳೇದು ಬೇಡ. ಇದ್ದದ್ದು ಹೇಳಿ.”

ಬಾಗಿಲ ಹತ್ತಿರ ಕೂತಿದ್ದ ಪೈಪಿನವನು ಗಂಟಲು ಸರಿಮಾಡಿಕೊಂಡ. ನೀರು ಸರಬರಾಜು ಆಫೀಸಿನಲ್ಲಿ ಇವನು ಪೈಪು ಜೋಡಿಸುವವನು, ಸತ್ತವನು ಮನೆಮನೆಯ ಮೀಟರು ಓದುವವನು. ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಊರು ಸುತ್ತಿದವರು. ಸತ್ತವನಿಗೆ ಸೈಕಲ್ ಹೊಡೆಯುವುದು ಆಗದೆಹೋದ ಮೇಲೆ ಇವನು ಹೊಡೆದ, ಅವನು ಹಿಂದೆ ಕೂತ.

“ಇದ್ದದ್ದು ನಾನು ಹೇಳ್ತೀನಿ ಅತ್ತಿಗೆ,” ಎಂದ. “ನಮ್ಮ ಕೊಕ್ಕೆಯಷ್ಟು ಜಗಳಗಂಟ ಈ ಊರಲ್ಲಿ ಇನ್ನೊಬ್ಬ ಇರ್ಲಿಲ್ಲ. ಮೀಟರು ತಿರುಗದ ಹಾಗೆ ಅಯಸ್ಕಾಂತ ಅಂಟಿಸಿದ ಒಬ್ಬ ಶ್ರೀಮಂತನಿಗೆ ಗೇಟಲ್ಲಿ ನಿಂತು ಏನು ಬೈದ ಗೊತ್ತಾ? ಆ ಮನುಷ್ಯನಿಗೆ ಒಂದು ಮಾತೂ ಕೇಳಿಸ್ಲಿಲ್ಲ. ಇವನ ಬೈಗುಳ ಎಲ್ಲಾ ನೆಲಕ್ಕೆ ಬೀಳ್ತಿತ್ತು. ಅವನು, ‘ಪಾಪ, ಎಷ್ಟು ಮರ್ಯಾದಸ್ತ’ ಅಂತ ಕುಡಿಯೋಕೆ ನೀರು ತರಿಸ್ಕೊಟ್ಟ. ಇವನು ಆ ನೀರನ್ನೂ ಕುಡಿದು, ‘ಇದೂ ಕದ್ದ ನೀರೇ’ ಅಂದ. ಅದೂ ಕೇಳಿಸ್ಲಿಲ್ಲ.”

ಯಾರೋ ನಕ್ಕು, ತಕ್ಷಣ ಕೆಮ್ಮಿದರು. ಹೆಂಡತಿಗೆ ಬೆಳಗಿನಿಂದ ಮೊದಲ ಸಲ ಉಸಿರು ಹಗುರವಾಯಿತು. ಕೊಕ್ಕೆ ಎಂಬುದು ಬೀದಿಯವರು ಇಟ್ಟ ಅಡ್ಡಹೆಸರು. ಅವನು ಅದನ್ನು ಹಿಂದಿರುಗಿಸದೆ ಇಟ್ಟುಕೊಂಡಿದ್ದ. ಜನರನ್ನು ಅವನು ಗುರುತಿಸುತ್ತಿದ್ದದ್ದು ಕಾಲಿನಿಂದ. ಹಿಮ್ಮಡಿ ಸವೆದ ಚಪ್ಪಲಿ ಅಂದರೆ ಪಕ್ಕದ ಅಜ್ಜಿ, ಕೆಸರು ಮೆತ್ತಿದ ಗಂಬೂಟು ಅಂದರೆ ಪೈಪಿನವನು. ರಾತ್ರಿ ಊಟಕ್ಕೆ ಕೂತಾಗ ಅವಳಿಗೆ ವರದಿ ಒಪ್ಪಿಸುತ್ತಿದ್ದ. ಸಾಹೇಬರ ವಿಷಯ ಬಂದರೆ, “ಆ ಮನುಷ್ಯನ ಮುಖ ಹೇಗಿದೆ ಅಂತ ನನಗೆ ಮರೆತೇಹೋಗಿದೆ ಕಣೇ,” ಎನ್ನುತ್ತಿದ್ದ. “ಬೂಟು ಮಾತ್ರ ಕನ್ನಡಿ. ಎಡಗಾಲಿನ ಲೇಸು ಯಾವಾಗಲೂ ಬಿಚ್ಚಿರುತ್ತೆ. ಅಷ್ಟು ದೊಡ್ಡ ಆಫೀಸು ನಡೆಸ್ತಾರೆ, ಒಂದು ಗಂಟು ಹಾಕೋಕೆ ಬರಲ್ಲ.”

*

ಆಪರೇಷನ್ ಒಂದಿದೆ ಎಂದು ಅವರಿಗೆ ತಿಳಿದದ್ದು ಅವನ ಗಲ್ಲ ಎದೆಗೆ ತಾಗುವಷ್ಟು ಬಂದಾಗ. ಆ ಹೊತ್ತಿಗೆ ಊಟ ನುಂಗುವುದೂ ಕಷ್ಟವಾಗಿತ್ತು, ರಸ್ತೆ ದಾಟುವಾಗ ಎದುರಿಗೆ ಬರುವ ಲಾರಿ ಕಾಣುತ್ತಿರಲಿಲ್ಲ. ಬೆನ್ನಿನ ಕೆಳಭಾಗದಲ್ಲಿ, ಬೆಸೆದುಕೊಂಡ ಎಲುಬಿನ ಹಿಂಬದಿಯಿಂದ ಒಂದು ಬೆಣೆಯಷ್ಟನ್ನು ಕತ್ತರಿಸಿ ತೆಗೆದು, ಆ ಸಂದನ್ನು ಮುಚ್ಚಿ, ಇಡೀ ಮೈಯನ್ನು ಹಿಂದಕ್ಕೆ ಎತ್ತಿ, ಸರಳು ತಿರುಪು ಹಾಕಿ ನಿಲ್ಲಿಸುತ್ತಾರೆ. ಅಪಾಯ ಇಲ್ಲದಿಲ್ಲ, ಕಾಲಿನ ಬಲ ಹೋಗಬಹುದು ಎಂದೂ ಡಾಕ್ಟರು ಮುಚ್ಚಿಡದೆ ಹೇಳಿದರು.

ಬೆಣೆ ತೆಗೆದು ಹೊಲಿಯುವುದು ಎಂದರೆ ಅವಳಿಗೆ ತಕ್ಷಣ ಅರ್ಥವಾಯಿತು. ಕುಪ್ಪಸದ ಬೆನ್ನು ಗುಳ್ಳೆ ಎದ್ದರೆ ಅವಳೂ ಹಾಗೇ ಮಾಡುತ್ತಿದ್ದಳು. ಅವನಿಗೆ ಹೆದರಿಕೆಯಾಯಿತು, ಆದರೂ ಆಸೆ ಹೆಚ್ಚಿತ್ತು.

“ಒಂದ್ಸಲ ನಿಂತ್ಕೊಂಡು ನಿನ್ನ ಮುಖ ನೋಡ್ಬೇಕು,” ಎಂದ. “ಮಲಗಿದಾಗ ನೋಡಿ ನೋಡಿ ಬೇಜಾರಾಗಿದೆ.”

ತಿಂಗಳುಗಟ್ಟಲೆ ರಜೆ ಬೇಕಾಗಿತ್ತು. ಸಾಹೇಬರ ಕೋಣೆಗೆ ಅವನ ಜೊತೆ ಅವಳೂ ಹೋಗಿದ್ದಳು. ಸಾಹೇಬರು ಗದರಲಿಲ್ಲ, ಪ್ರೀತಿಯಿಂದಲೇ ಮಾತಾಡಿದರು. ಅದೇ ಅವಳಿಗೆ ಇಂದಿಗೂ ಉರಿಯುವುದು.

“ನೋಡಪ್ಪಾ, ನಿನ್ನಂಥ ಕೆಲಸಗಾರ ನನಗೆ ಎಲ್ಲಿ ಸಿಗ್ತಾನೆ? ಹೊಸ ಬಡಾವಣೆಯ ಮೀಟರೆಲ್ಲ ಬಾಕಿ ಇದೆ. ಅದೂ ಅಲ್ಲದೆ ನಿನ್ನ ಕೆಲಸ ಇರೋದೇ ನೆಲದಲ್ಲಿ. ಬೇರೆಯವರು ಬಗ್ಗಬೇಕು, ನೀನು ಮೊದಲೇ ತಯಾರಾಗಿ ಬಂದಿದೀಯ!” ಎಂದು ನಕ್ಕು, ಎದ್ದು ಬಂದು, ಅವನ ಗೂನಿನ ಮೇಲೆ ತಟ್ಟಿದರು. “ಮುಂದಿನ ವರ್ಷ ನೋಡೋಣ.”

ಅವನು ಅಂದದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. “ನಿಮ್ಮ ಬೆನ್ನು ಮುರಿದ ದಿನ ನಾನೂ ಹೀಗೇ ತಟ್ತೀನಿ,” ಎಂದಿದ್ದ, ಹೊಳೆಯುವ ಬೂಟುಗಳಿಗೆ.

“ಏನಂದೆಯಪ್ಪಾ?”

“ಲೇಸು ಬಿಚ್ಚಿದೆ ಸಾರ್.”

ಮುಂದಿನ ವರ್ಷವೂ ಅದೇ ಮಾತಾಯಿತು. ಅದರ ಮುಂದಿನ ವರ್ಷ ಡಾಕ್ಟರು ಶ್ವಾಸಕೋಶ ಪರೀಕ್ಷಿಸಿ, ಬೆಸೆದ ಪಕ್ಕೆಲುಬು ಹಿಗ್ಗುತ್ತಿಲ್ಲ, ಇಷ್ಟು ಉಸಿರಿನಲ್ಲಿ ಅಷ್ಟು ದೊಡ್ಡ ಆಪರೇಷನ್ ಬೇಡ ಎಂದರು. ಮನೆಗೆ ಬಂದು ಅವಳು ಬೆಣೆಯ ಆಕಾರದ ಒಂದು ದಿಂಬು ಹೊಲಿದಳು. ಅವನ ತಲೆ ಮತ್ತು ಹಾಸಿಗೆಯ ನಡುವೆ ಎಷ್ಟು ಸಂದು ಇತ್ತೋ ಅಷ್ಟಕ್ಕೆ ಸರಿಯಾಗಿ.

*

ಸಾಹೇಬರು ಬಂದಾಗ ಕೋಣೆಯೆಲ್ಲ ಎದ್ದು ನಿಂತಿತು. ಭಾವ ಓಡಿಹೋಗಿ ಕುರ್ಚಿ ಒರೆಸಿದರು. ಸಾಹೇಬರು ಪೆಟ್ಟಿಗೆಯ ಕಾಲದೆಸೆಯಲ್ಲಿ ನಿಂತು, ಹೂವಿನ ಗೊಂಚಲನ್ನು ಇಡಲು ಹೋಗಿ, ಎದುರಿಗೆ ಎದ್ದಿದ್ದ ಮುಖ ಕಂಡು ಅರ್ಧಕ್ಕೇ ಕೈ ತಡೆದರು. ಹೂವನ್ನು ಮೇಜಿನ ಮೂಲೆಗಿಟ್ಟು ಬಂದು ಕೂತರು.

“ನಮ್ಮ ಆಫೀಸಿಗೇ ಒಂದು ಮಾದರಿಯಾಗಿದ್ದ,” ಎಂದರು ಎಲ್ಲರಿಗೂ ಕೇಳುವ ಹಾಗೆ. “ನನ್ನ ಮುಂದೆ ಒಂದು ದಿನ ತಲೆ ಎತ್ತಿ ನಿಂತವನಲ್ಲ. ಹೇಳಿದ ಕೆಲಸಕ್ಕೆ ಎದುರಾಡಿದವನಲ್ಲ. ಇಂಥ ವಿನಯ ಕಲಿತು ಬರೋದಲ್ಲ, ಹುಟ್ಟಿನಿಂದ ಬರಬೇಕು.”

ಭಾವ ತಲೆದೂಗಿದರು. ಪೈಪಿನವನು ಕಿಟಕಿಯ ಕಡೆ ತಿರುಗಿದ.

“ಆವತ್ತು ಆಫೀಸಿನ ಮೆಟ್ಟಿಲಲ್ಲಿ ಬಿದ್ದಾಗ ನಾನೇ ಓಡಿಬಂದೆ,” ಎಂದು ಸಾಹೇಬರು ಅವಳ ಕಡೆಗೆ ತಿರುಗಿದರು. “ನೆಲ ಒರೆಸಿದ್ರು, ಒದ್ದೆ ಇತ್ತು. ನಾವು ಏನೂ ಕಡಿಮೆ ಮಾಡಲಿಲ್ಲಮ್ಮಾ. ಪ್ರಥಮ ಚಿಕಿತ್ಸೆಯ ತರಬೇತಿ ನನಗೆ ಆಗಿದೆ. ಬೆನ್ನಿಗೆ ಪೆಟ್ಟಾದವರನ್ನ ಮೊದಲು ನೇರ ಮಲಗಿಸಬೇಕು. ಒಬ್ಬ ತಲೆ ಹಿಡಿ, ಇಬ್ಬರು ಕಾಲು ಹಿಡೀರಿ ಅಂತ ನಿಂತು ಮಾಡಿಸಿದೆ.”

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಆಸ್ಪತ್ರೆಯ ಡಾಕ್ಟರು ಹೇಳಿದ್ದು ಅವಳಿಗೆ ಬಾಯಿಪಾಠವಾಗಿತ್ತು. ಬೆಸೆದ ಬೆನ್ನು ನೋಡಲು ಗಟ್ಟಿ, ಒಳಗೆ ಸೀಮೆಸುಣ್ಣ. ಸಣ್ಣದಾಗಿ ಬಿದ್ದರೂ ಕತ್ತಿನಲ್ಲಿ ಮುರಿಯುತ್ತದೆ. ಮುರಿದರೂ ಬೆನ್ನುಹುರಿ ಉಳಿಯಬಹುದು. ಅಂಥವರನ್ನು ಎಷ್ಟು ಬಾಗಿದ್ದರೋ ಅಷ್ಟೇ ಬಾಗಿದ ಹಾಗೆ, ತಲೆಯ ಕೆಳಗೆ ಆಸರೆ ಕೊಟ್ಟು ತರಬೇಕು. ಉಳಿದವರಿಗೆ ಸರಿಯಾದ ನಿಯಮ ಇವರಿಗೆ ಸರಿಯಲ್ಲ. ನೇರ ಮಾಡಲು ಹೋದರೆ ಮುರಿದ ಕಡೆ ಬಾಯಿ ಬಿಟ್ಟು, ನಡುವಿನ ಹುರಿ ಜಜ್ಜಿಹೋಗುತ್ತದೆ. ಆಸ್ಪತ್ರೆಗೆ ಅವಳು ದಿಂಬು ತೆಗೆದುಕೊಂಡು ಹೋಗುವ ಹೊತ್ತಿಗೆ ಅವನ ಕೈಬೆರಳೂ ಅಲ್ಲಾಡುತ್ತಿರಲಿಲ್ಲ. ಆ ದಿಂಬಿನ ಮೇಲೇ ಸತ್ತ, ಮೈ ಸೆಟೆದಾಗ ಮುರಿದ ಕತ್ತೂ ಹಳೆಯ ಬಾಗಿನಲ್ಲೇ ಬಿಗಿಯಿತು.

“ಬಿದ್ದ ಮೇಲೆ ಇವರು ಹೇಗಿದ್ರು?” ಎಂದು ಕೇಳಿದಳು.

“ಮೆಟ್ಟಿಲ ಮೇಲೆ ಕೂತಿದ್ದ. ತಲೆಯನ್ನ ಎರಡೂ ಕೈಲಿ ಹಿಡ್ಕೊಂಡಿದ್ದ.”

“ಕೈ ಆಡ್ತಿತ್ತು.”

“ಹೌದು, ಆಗ ಆಡ್ತಿತ್ತು.”

“ಮಾತಾಡಿದ್ರಾ?”

“ಬೇಡ, ಬೇಡ ಅಂದ. ಮಲಗಿಸ್ಬೇಡಿ ಅಂದ. ನೋವಲ್ಲಿ ಎಲ್ಲರೂ ಹಾಗೇ ಅಂತಾರಲ್ಲಮ್ಮಾ. ಅದೂ ಅಲ್ಲದೆ ಅವನ ದನಿ ನಿಮಗೇ ಗೊತ್ತು, ನೆಲದ ಕಡೆಗೇ ಹೋಗ್ತಿತ್ತು. ಸರಿಯಾಗಿ ಕೇಳಿಸ್ತಿರ್ಲಿಲ್ಲ.”

“ನೀವು ಮಲಗಿಸಿದ ಮೇಲೆ ಮುಖ ಮೇಲಿತ್ತಲ್ಲ ಸಾರ್? ಆಗ ಕೇಳಿಸ್ಲಿಲ್ವಾ?”

ಸಾಹೇಬರು ಕನ್ನಡಕ ತೆಗೆದು, ಒರೆಸದೆ ಮತ್ತೆ ಹಾಕಿಕೊಂಡರು.

“ಮಲಗಿಸಿದ ಮೇಲೆ ಸುಮ್ಮನಾದ,” ಎಂದರು. “ಆರಾಮಾಯ್ತು ಅಂದ್ಕೊಂಡ್ವಿ.”

ಅವಳ ಬಾಯಿಂದ ಒಂದು ಶಬ್ದ ಹೊರಟಿತು, ಅಳುವಿನ ಹಾಗಿರಲಿಲ್ಲ.

“ನಾನು ಬಿದ್ರೆ ನನ್ನನ್ನ ನೆಟ್ಟಗೆ ಮಾಡ್ಬೇಡಿ ಅಂತ ಆಫೀಸಲ್ಲಿ ಎಲ್ಲರಿಗೂ ಹೇಳಿದ್ರು. ಹೌದೋ ಅಲ್ವೋ?”

“ಹೇಳಿದ್ದ,” ಎಂದ ಪೈಪಿನವನು, ಕಿಟಕಿಯಿಂದ ತಿರುಗದೆ. “ನಾನು ಆವತ್ತು ಬಡಾವಣೆಯಲ್ಲಿದ್ದೆ. ಹೇಳಿದಾಗೆಲ್ಲ ಸಾಹೇಬರು, ‘ನಿನ್ನನ್ನ ನೆಟ್ಟಗೆ ಮಾಡೋಕೆ ಯಾರಿಂದಾಗುತ್ತೆ’ ಅಂತ ನಗಿಸೋರು.”

“ತಮಾಷೆಗೆ...” ಎಂದರು ಸಾಹೇಬರು.

“ಇವರಿಗೆ ವಿನಯ ಇರ್ಲಿಲ್ಲ ಸಾರ್. ನಿಮ್ಮನ್ನ ಕಂಡ್ರೆ ಆಗ್ತಿರ್ಲಿಲ್ಲ. ನಿಮ್ಮೆದುರಿಗೇ ಬೈದಿದಾರೆ. ರಜೆ ಕೊಡದ ದಿನ ಬೈದಿದಾರೆ, ಬೆನ್ನು ತಟ್ಟಿದ ದಿನ ಬೈದಿದಾರೆ. ನೀವು ಬಗ್ಗಿ ಕೇಳಲಿಲ್ಲ, ಅಷ್ಟೇ.”

“ಸಾಕು!” ಭಾವ ಮಧ್ಯೆ ಬಂದರು. “ಸಾಹೇಬ್ರೇ, ದುಃಖದಲ್ಲಿದಾಳೆ. ಮನಸ್ಸಿಗೆ ಹಚ್ಕೋಬೇಡಿ.”

“ದುಃಖ ಅಲ್ಲ ಭಾವ, ಸಿಟ್ಟು. ಎರಡರಲ್ಲಿ ಯಾವುದು ಯಾವುದು ಅಂತ ನನಗೆ ಗೊತ್ತಾಗುತ್ತೆ. ನಿಮ್ಮ ಮೇಲೂ ಇದೆ. ಸೋಮಾರಿ ಅಂತ ಎಷ್ಟು ವರ್ಷ ಕೂರಿಸಿದ್ರಿ ಇವರನ್ನ? ಆ ವರ್ಷಗಳಲ್ಲೇ ಬಗ್ಗಿದ್ದು ಇವರು. ಇವತ್ತು ಬೆಳಿಗ್ಗೆ ಹಣೆ ಮೇಲೆ ಕೈ ಇಟ್ಟು ಒತ್ತಿದ್ರಲ್ಲ, ಆಗಲೂ ನಿಮಗೆ ಇವರು ನಾಟಕ ಆಡ್ತಿದಾರೆ ಅಂತ್ಲೇ ಅನ್ನಿಸ್ತಿತ್ತು.”

ಸಾಹೇಬರು ಎದ್ದು, “ನಾನು ಕೆಳಗೆ ಇರ್ತೀನಿ,” ಎಂದು ಯಾರಿಗೋ ಹೇಳಿ ಮೆಟ್ಟಿಲಿಳಿದರು.

ಅವಳು ಒಳಕೋಣೆಗೆ ಹೋಗಿ ಆ ದಿಂಬನ್ನು ತಂದಳು. ಬಹಳ ಮಲಗಿ ನಡುವೆ ಕುಳಿ ಬಿದ್ದಿತ್ತು. ತಲೆಯ ಕೆಳಗಿನ ಸಂದಿನಲ್ಲಿ ತೂರಿಸಿದಳು. ಬೆಳಗಿನಿಂದ ಗಾಳಿಯಲ್ಲಿ ನಿಂತಿದ್ದ ತಲೆಗೆ ಒಂದು ನೆಲೆ ಸಿಕ್ಕಿತು.

“ಮುಚ್ಚಳ ಬೇಡ,” ಎಂದಳು.

“ಬೀದಿಲಿ ಹೀಗೇ ಹೊತ್ಕೊಂಡು ಹೋದ್ರೆ ಜನ ನಗ್ತಾರೆ,” ಎಂದರು ಭಾವ. ದನಿಯಲ್ಲಿ ಮೊದಲಿನ ಕಸು ಇರಲಿಲ್ಲ.

“ಬದುಕಿದ್ದಾಗ ನಕ್ಕಾಗಿದೆ.”

ಪೆಟ್ಟಿಗೆ ಅಂಗಡಿಯವನು ಮೂಲೆಯಲ್ಲಿ ಮುಚ್ಚಳವನ್ನು ತಬ್ಬಿಕೊಂಡು ನಿಂತಿದ್ದ. “ಅಮ್ಮಾ,” ಎಂದ, “ಗುಂಡಿ ಹತ್ತಿರ ಹೋದ ಮೇಲೆ ಅಂಚಿಗೆ ಸುತ್ತಲೂ ಹಲಗೆ ಪಟ್ಟಿ ಹೊಡೆದು ಎತ್ತರ ಮಾಡಬಹುದು. ಆಮೇಲೆ ಮುಚ್ಚಳ ಅದರ ಮೇಲೆ ಕೂರುತ್ತೆ. ಮುಖಕ್ಕೆ ತಾಗಲ್ಲ. ಪಟ್ಟಿ ಗಾಡೀಲೇ ಇದೆ.”

“ಇದು ಬೆಳಿಗ್ಗೆ ಹೊಳೀಲಿಲ್ವಾ ನಿನಗೆ?”

“ಬೆಳಿಗ್ಗೆ ಯಾರೂ ಕೇಳಲಿಲ್ಲಮ್ಮಾ. ನೆಟ್ಟಗೆ ಮಾಡು ಅಂದ್ರು.”

ಅವಳು ಮಿಷನ್ನಿನ ಡಬ್ಬಿಯಿಂದ ಗಟ್ಟಿ ಲಾಡಿ ತೆಗೆದು, ಮೆಟ್ಟಿಲ ಇಳಿಜಾರಿನಲ್ಲಿ ಗಂಡನ ಮೈ ಜಾರದ ಹಾಗೆ ಎದೆಗೂ ಸೊಂಟಕ್ಕೂ ಸುತ್ತಿ, ಪೆಟ್ಟಿಗೆಯ ಹಿಡಿಗಳಿಗೆ ಕಟ್ಟಿದಳು. ಬಿಗಿಯಾಗಿ ಕಟ್ಟಿ, ಬೆರಳು ತೂರಿಸಿ ನೋಡಿ, ಒಂದಷ್ಟು ಸಡಿಲಿಸಿದಳು.

*

ಮೆಟ್ಟಿಲು ಕಿರಿದಾದ್ದರಿಂದ ಹೊರುವವರು ಹಿಂದೆ ಇಬ್ಬರು, ಮುಂದೆ ಇಬ್ಬರು ಮಾತ್ರ. ಕಾಲು ಮುಂದೆ ಮಾಡಿ ಇಳಿಸಿದರು. ಪೈಪಿನವನು ಕಾಲದೆಸೆಯಲ್ಲಿ ಹಿಂದೆಹಿಂದೆ ಹೆಜ್ಜೆಯಿಡುತ್ತ, “ನಿಧಾನ... ತಿರುವು... ಎತ್ತಿ,” ಎನ್ನುತ್ತಿದ್ದ. ಭಾವ ತಲೆದೆಸೆಯಲ್ಲಿ ಹೊರುತ್ತಿದ್ದರು. ಅವಳು ಅವರ ಹಿಂದೆಯೇ ಇದ್ದಳು, ಒಂದು ಕೈ ದಿಂಬಿನ ಅಂಚಿನ ಮೇಲೆ.

ಕೊನೆಯ ಸುತ್ತಿನ ಮೆಟ್ಟಿಲು ನೇರ ಬೀದಿಯ ಬಾಗಿಲಿಗೆ ಇಳಿಯುತ್ತಿತ್ತು, ಉಳಿದವುಗಳಿಗಿಂತ ಕಡಿದು. ಅಲ್ಲಿಗೆ ಬಂದಾಗ ಪೆಟ್ಟಿಗೆ ಪೂರ್ತಿ ವಾಲಿತು. ವಾಲಿದ ಹಾಗೆ ಒಳಗಿದ್ದವನು ಎದ್ದ. ಲಾಡಿ ಹಿಡಿದುಕೊಂಡಿತು, ದಿಂಬು ಹಿಡಿದುಕೊಂಡಿತು. ಹಿಂದೆ ಉದ್ದ ಮುಂದೆ ಗಿಡ್ಡದ ಅಂಗಿ ಎಲ್ಲೂ ಸುಕ್ಕಾಗದೆ ಕೂತಿತ್ತು. ಒಂದೊಂದು ಮೆಟ್ಟಿಲಿಗೂ ಅವನ ಮುಖ ಬೀದಿಗೆ ಇನ್ನಷ್ಟು ಹತ್ತಿರ, ಇನ್ನಷ್ಟು ಎದುರಾಗಿ ಬಂತು.

ಬಾಗಿಲಾಚೆ ಜನ ಎರಡು ಸಾಲಾಗಿ ನಿಂತಿದ್ದರು. ಅಜ್ಜಿ, ಓರಗಿತ್ತಿ, ಆಫೀಸಿನ ನಾಲ್ಕಾರು ಜನ, ಎದುರಂಗಡಿಯವನು. ಮುಂದಿನ ಸಾಲಿನವರ ತಲೆಗಳು ಒಂದೊಂದಾಗಿ ತಗ್ಗಿದವು.

ಸಾಹೇಬರು ಬಾಗಿಲಿಗೆ ತೀರ ಹತ್ತಿರದಲ್ಲಿದ್ದರು, ಸರಿಯಲು ಜಾಗವಿರಲಿಲ್ಲ. ಒಮ್ಮೆ ಕಣ್ಣೆತ್ತಿ ನೋಡಿದರು. ಮುಖಕ್ಕೆ ಮುಖ, ಒಂದು ಮಾರು ದೂರ. ಆಮೇಲೆ ತಮ್ಮ ಬೂಟುಗಳನ್ನು ನೋಡುತ್ತ ನಿಂತರು. ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಎಡಗಾಲಿನ ಲೇಸು ಬಿಚ್ಚಿಕೊಂಡಿತ್ತು. ಪೆಟ್ಟಿಗೆ ಅವರನ್ನು ದಾಟಿ ಬೀದಿಗೆ ಇಳಿಯುವವರೆಗೂ ಅವರು ಅದನ್ನು ಕಟ್ಟಲು ಬಗ್ಗಲಿಲ್ಲ, ತಲೆಯನ್ನೂ ಎತ್ತಲಿಲ್ಲ.